ಗೋಡೌನ್ ತುಂಬಾ ಮೂರು ತಿಂಗಳ ಮಾಲು, ಕೈಯಲ್ಲಿ ಕಾಸಿಲ್ಲ: ಸ್ಟಾಕ್ ಇಳಿಸೋದು ಎಲ್ಲಿಂದ ಶುರು ಮಾಡಲಿ?

ಪೀಣ್ಯ ಬುಷ್ · ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ಪೀಣ್ಯ 2ನೇ ಹಂತದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. 22 ಜನ, ಕಂಪ್ಯೂಟರಿಂದ ಓಡುವ 6 ಸಿಎನ್‌ಸಿ ಲೇತ್, 2 ವಿಎಂಸಿ ಮಿಲ್ಲಿಂಗ್ ಮಷೀನ್. ಪಂಪ್ ಮತ್ತು ಟ್ರ್ಯಾಕ್ಟರ್ ಕಂಪನಿಗಳಿಗೆ ಬುಷ್, ಪಿನ್, ಶಾಫ್ಟ್ ಮಾಡಿಕೊಡುತ್ತೇವೆ. ಅಪ್ಪ ಶುರು ಮಾಡಿದ್ದು. ಈಗ ಹೆಚ್ಚು ಕಡಿಮೆ ನಾನೇ ನೋಡಿಕೊಳ್ಳುತ್ತಿದ್ದೇನೆ.

ಮಾರ್ಚ್ 31ಕ್ಕೆ ಸ್ಟಾಕ್ ಎಣಿಸಿದೆವು. ಅಸಲು ಖರ್ಚಿನ ಲೆಕ್ಕದಲ್ಲಿ ಒಟ್ಟು 1 ಕೋಟಿ 8 ಲಕ್ಷ ಬಂತು. ಅದರಲ್ಲಿ ಬಾರ್ ಸ್ಟೀಲ್ 38 ಲಕ್ಷ, ಅರ್ಧ ಆದ ಮಾಲು 27 ಲಕ್ಷ, ರೆಡಿ ಮಾಲು 43 ಲಕ್ಷ. ತಿಂಗಳಿಗೆ ಗೇಟ್ ದಾಟಿ ಹೋಗುವ ಮಾಲಿನ ಅಸಲು ಸುಮಾರು 36 ಲಕ್ಷ. ಅಂದರೆ ಮೂರು ತಿಂಗಳ ಮಾಲು ಒಳಗೇ ಕೂತಿದೆ. ಬ್ಯಾಂಕಿನ ಸಿಸಿ (ಮಾಲು ಅಡ ಇಟ್ಟು ಬೇಕಾದಾಗ ತೆಗೆಯುವ ಸಾಲದ ಖಾತೆ) ಲಿಮಿಟ್ 80 ಲಕ್ಷ. ಯಾವಾಗ ನೋಡಿದರೂ ಬಾಕಿ 78ರ ಹತ್ತಿರ ಇರುತ್ತದೆ. ಬಡ್ಡಿ 10.5%. ಸಂಬಳದ ವಾರ ಬಂತು ಅಂದರೆ ನನಗೆ ನಿದ್ದೆ ಬರುವುದಿಲ್ಲ.

ಇಷ್ಟೆಲ್ಲಾ ಇದ್ದೂ ಮಾರ್ಚಲ್ಲಿ ಎರಡು ಸಲ ಗಿರಾಕಿ ಕೇಳಿದ ಪಿನ್ ನಮ್ಮಲ್ಲಿ ಇರಲಿಲ್ಲ. ಒಂದು ಸಲವಂತೂ ರಾತ್ರಿ ಪಾಳಿ ಹಾಕಿ, ಬೆಳಿಗ್ಗೆ ನಾನೇ ಕಾರಲ್ಲಿ ತಗೊಂಡು ಹೋಗಿ ಕೊಟ್ಟೆ. ಕೋಟಿ ರೂಪಾಯಿ ಮಾಲಿದ್ದೂ ಬೇಕಾದ್ದು ಇಲ್ಲ. ಇದು ಹೇಗೆ ಅಂತಲೇ ನನಗೆ ಅರ್ಥ ಆಗುತ್ತಿಲ್ಲ.

ನಮ್ಮ ಪ್ರೊಡಕ್ಷನ್ ಮ್ಯಾನೇಜರ್ "ಎಲ್ಲದರಲ್ಲೂ 30% ಕಡಿತ ಮಾಡೋಣ" ಅನ್ನುತ್ತಾರೆ. ಅಪ್ಪ "ಗಿರಾಕಿಯ ಲೈನ್ ನಿಂತರೆ ದಂಡ ಕಟ್ಟಬೇಕು, ಮುಟ್ಟಬೇಡ" ಅನ್ನುತ್ತಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಸ್ಟೋರ್ಸ್ ಹಳಬ · ಏಪ್ರಿಲ್ 6

ತಮ್ಮಾ, 31 ವರ್ಷ ಸ್ಟೋರ್ಸಲ್ಲೇ ಕೆಲಸ ಮಾಡಿ ರಿಟೈರ್ ಆದವನು ನಾನು. ಎಲ್ಲದರಲ್ಲೂ 30% ಅನ್ನೋದನ್ನು ಮಾತ್ರ ಮಾಡಬೇಡ. ಓಡುವ ಮಾಲು ಬೇಗ ಇಳಿಯುತ್ತದೆ, ಕೂತ ಮಾಲು ಕೂತೇ ಇರುತ್ತದೆ. ಮೂರು ತಿಂಗಳಾದ ಮೇಲೆ ಲೆಕ್ಕದಲ್ಲಿ 30% ಇಳಿದಿರುತ್ತದೆ. ಆದರೆ ಇಳಿದದ್ದೆಲ್ಲಾ ದಿನಾ ಬೇಕಾಗುವ ಮಾಲೇ ಆಗಿರುತ್ತದೆ. ಆಮೇಲೆ ನಿಮ್ಮಪ್ಪ ಹೇಳಿದ ದಂಡ ಗ್ಯಾರಂಟಿ.

ಮೊದಲು ವಯಸ್ಸು ನೋಡು. ಪ್ರತಿ ಬಿನ್‌ಗೂ ಒಂದು ಟ್ಯಾಗ್ ಕಟ್ಟಿ, ಅದರ ಮೇಲೆ ಒಳಗೆ ಬಂದ ತಾರೀಖು ಬರಿ. 30 ದಿನದ ಒಳಗಿನದಕ್ಕೆ ಹಸಿರು, 90ರವರೆಗೆ ಹಳದಿ, 180ರವರೆಗೆ ಕಿತ್ತಳೆ, ಅದರಾಚೆ ಕೆಂಪು. ಸಾಫ್ಟ್‌ವೇರ್ ಬೇಡ, ಬಣ್ಣದ ಚೀಟಿ ಸಾಕು. ಎರಡು ಭಾನುವಾರದ ಕೆಲಸ. ಗೋಡೌನ್ ಬಾಗಿಲಲ್ಲಿ ನಿಂತು ನೋಡಿದರೆ ಕೆಂಪು ಎಲ್ಲಿ ಜಾಸ್ತಿ ಅಂತ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮಾತು. ನಿಮ್ಮದು ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಹೊರಗೆ ಹೋಗುತ್ತದಲ್ವಾ? ಅಲ್ಲಿಗೂ ಖುದ್ದಾಗಿ ಹೋಗಿ ಎಣಿಸು. ಫೋನಲ್ಲಿ ಕೇಳಬೇಡ. ಹೊರಗೆ ಹೋದ ಮಾಲು ಮನಸ್ಸಿನಿಂದಲೂ ಹೋಗಿಬಿಡುತ್ತದೆ.

ಸಿಗ್ಮಾ · ಏಪ್ರಿಲ್ 7

ಹಿರಿಯರು ಹೇಳಿದ್ದು ಸರಿ. ನಾನು ಲೆಕ್ಕದ ಕಡೆಯಿಂದ ಹೇಳುತ್ತೇನೆ.

ನಿಮ್ಮ ಅರ್ಧ ಆದ ಮಾಲು 27 ಲಕ್ಷ, ತಿಂಗಳಿಗೆ ಹೊರಗೆ ಹೋಗುವುದು 36 ಲಕ್ಷ. 27ನ್ನು 36ರಿಂದ ಭಾಗಿಸಿದರೆ ಮುಕ್ಕಾಲು ತಿಂಗಳು, ಅಂದರೆ ಸುಮಾರು 20 ಕೆಲಸದ ದಿನ. ಇದಕ್ಕೆ ಲಿಟಲ್ ನಿಯಮ ಅನ್ನುತ್ತಾರೆ. ಜಾನ್ ಲಿಟಲ್ 1961ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. ಒಳಗಿರುವ ಮಾಲು ಅಂದರೆ ಹೊರಗೆ ಹೋಗುವ ವೇಗ ಗುಣಿಸು ಒಳಗೆ ಕಳೆಯುವ ಸಮಯ. ಒಂದು ಪಿನ್ ಮೇಲೆ ಮಷೀನ್ ನಿಜವಾಗಿ ಕೆಲಸ ಮಾಡುವುದು ಕೆಲವು ನಿಮಿಷ. ಹೊರಗಿನ ಪ್ರೋಸೆಸ್ ಸೇರಿಸಿದರೂ ಎರಡು ಮೂರು ದಿನ. ಉಳಿದ ಹದಿನೇಳು ದಿನ ಅದು ಎಲ್ಲೋ ಕಾಯುತ್ತಿದೆ. ಎಲ್ಲಿ ಅಂತ ಹುಡುಕಿ.

ಈಗ ಸೇಫ್ಟಿ ಸ್ಟಾಕ್, ಅಂದರೆ ಬೇಡಿಕೆ ದಿಢೀರ್ ಏರಿದರೂ ಸಾಲಲಿ ಅಂತ ಇಡುವ ಹೆಚ್ಚುವರಿ ಮಾಲು. ಒಂದು ಐಟಂ ದಿನಕ್ಕೆ ಸರಾಸರಿ 100 ಹೋಗುತ್ತದೆ, ದಿನದಿಂದ ದಿನಕ್ಕೆ ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಷನ್) 30 ಅಂತ ಇಟ್ಟುಕೊಳ್ಳಿ. ಮಾಡಿ ಮುಗಿಸಲು 9 ದಿನ ಬೇಕು. ಏರಿಳಿತ ದಿನಗಳ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ, 9ರ ವರ್ಗಮೂಲ 3. 30 ಗುಣಿಸು 3 ಅಂದರೆ 90. ನೂರರಲ್ಲಿ 95 ಸಲ ಮಾಲು ಸಿಗಬೇಕು ಅಂದರೆ ಅದನ್ನು 1.65ರಿಂದ ಗುಣಿಸಿ, ಸುಮಾರು 150. ಅದೇ 9 ದಿನವನ್ನು 4 ದಿನಕ್ಕೆ ತಂದರೆ 4ರ ವರ್ಗಮೂಲ 2, ಸೇಫ್ಟಿ ಸ್ಟಾಕ್ ಸುಮಾರು 100 ಸಾಕು. ಇದು ಸಣ್ಣ ಲಾಭ. ದೊಡ್ಡ ಲಾಭ ಬೇರೆ ಕಡೆ ಇದೆ. ಮಾಡಿ ಮುಗಿಸುವ ದಾರಿಯಲ್ಲಿ ಇರುತ್ತಿದ್ದ 900 ಪೀಸು 400 ಆಗುತ್ತದೆ.

ಹಾಗಾಗಿ ಸ್ಟಾಕ್ ಎಷ್ಟಿರಬೇಕು ಅಂತ ನೇರವಾಗಿ ಆಜ್ಞೆ ಮಾಡಲು ಹೋಗಬೇಡಿ. ಸಮಯ ಇಳಿಸಿ, ಸ್ಟಾಕ್ ಅದರ ಹಿಂದೆ ಬರುತ್ತದೆ.

ಪೀಣ್ಯ ಬುಷ್ · ಏಪ್ರಿಲ್ 7

ತುಂಬಾ ಥ್ಯಾಂಕ್ಸ್ ಸರ್. ಕಾಯುವುದು ಎಲ್ಲಿ ಅಂತ ನನಗೆ ಸ್ವಲ್ಪ ಗೊತ್ತು. ನಾವು ಒಂದು ಪಿನ್ ಒಂದೇ ಸಲಕ್ಕೆ 6,000 ಹೊಡೆಯುತ್ತೇವೆ. ದಿನಕ್ಕೆ ಬೇಕಾಗುವುದು 400. ಒಂದು ಸೆಟ್ಟಿಂಗಿಗೆ, ಅಂದರೆ ಮಷೀನನ್ನು ಬೇರೆ ಐಟಂಗೆ ಅಣಿ ಮಾಡಲು, ಎರಡೂವರೆ ಗಂಟೆ ಹೋಗುತ್ತದೆ. ಸೆಟ್ ಆದ ಮೇಲೆ ಜಾಸ್ತಿ ಹೊಡೆದುಬಿಡೋಣ ಅಂತ ಎಲ್ಲರಿಗೂ ಅನಿಸುತ್ತದೆ. ಅಷ್ಟರಲ್ಲಿ ಬೇರೆ ಪಿನ್‌ಗೆ ಮಷೀನ್ ಖಾಲಿ ಇರುವುದಿಲ್ಲ.

ಬಿಡದಿ ಲೈನ್ · ಏಪ್ರಿಲ್ 8

ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ. ಬೇಡದ ಪಿನ್ 6,000 ಆಗುವವರೆಗೆ ಬೇಕಾದ ಪಿನ್ ಕಾಯುತ್ತಿದೆ. ಕೋಟಿ ಮಾಲಿದ್ದೂ ಇಲ್ಲ ಅನ್ನುವ ಸ್ಥಿತಿ ಬರುವುದು ಹೀಗೇ.

ನಾನು ಬಿಡದಿಯಲ್ಲಿ ಟೊಯೋಟಾಗೆ ಮಾಲು ಕೊಡುವ ಒಂದು ಕಂಪನಿಯಲ್ಲಿ 12 ವರ್ಷ ಇದ್ದೆ. ಅಲ್ಲಿ ಕಲಿತ ದೊಡ್ಡ ಪಾಠ ಸೆಟ್ಟಿಂಗ್ ಸಮಯದ್ದು. ಜಪಾನಿನ ಇಂಜಿನಿಯರ್ ಶಿಗೆಯೋ ಶಿಂಗೋ ಅವರು ಹೇಳಿದ್ದು ಇದನ್ನೇ. ಮಷೀನ್ ನಿಂತಾಗ ಮಾತ್ರ ಮಾಡಬಹುದಾದ ಕೆಲಸ ಯಾವುದು, ಮಷೀನ್ ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು, ಎರಡನ್ನೂ ಬೇರೆ ಮಾಡಿ. ಮುಂದಿನ ಜಾಬ್‌ನ ಸಾಫ್ಟ್ ಜಾ (ಪೀಸನ್ನು ಹಿಡಿಯುವ ಹಲ್ಲು) ಮೊದಲೇ ಬೋರ್ ಮಾಡಿ ಇಡಿ. ಟೂಲ್ ಹೋಲ್ಡರ್‌ಗೆ ಇನ್ಸರ್ಟ್ (ಕತ್ತರಿಸುವ ತುದಿ) ಹಾಕಿ ಟ್ರಾಲಿ ಮೇಲೆ ಜೋಡಿಸಿ. ಪ್ರೋಗ್ರಾಂ, ಡ್ರಾಯಿಂಗ್, ಗೇಜ್ ಎಲ್ಲಾ ಆ ಟ್ರಾಲಿಯಲ್ಲೇ ಇರಲಿ. ನಿಮ್ಮ ಎರಡೂವರೆ ಗಂಟೆಯಲ್ಲಿ ಒಂದು ಗಂಟೆ ಬರೀ ಹುಡುಕುವುದರಲ್ಲೇ ಹೋಗುತ್ತಿರುತ್ತದೆ. ಮೊಬೈಲಲ್ಲಿ ಒಂದು ಸೆಟ್ಟಿಂಗ್ ಪೂರ್ತಿ ವಿಡಿಯೋ ಮಾಡಿ, ಸೆಟ್ಟರ್ ಜೊತೆ ಕೂತು ನೋಡಿ. ಅವರನ್ನು ಬೈಯಲು ಅಲ್ಲ. ಅವರಿಗೇ ಹತ್ತು ಉಪಾಯ ಹೊಳೆಯುತ್ತವೆ.

150 ನಿಮಿಷ 50ಕ್ಕೆ ಬಂದರೆ ಬ್ಯಾಚ್ 6,000ದಿಂದ 2,000ಕ್ಕೆ ಇಳಿಸಬಹುದು. ತಿಂಗಳಲ್ಲಿ ಸೆಟ್ಟಿಂಗಿಗೆ ಹೋಗುವ ಒಟ್ಟು ಸಮಯ ಅಷ್ಟೇ ಇರುತ್ತದೆ, ಒಂದು ನಿಮಿಷವೂ ಜಾಸ್ತಿ ಆಗುವುದಿಲ್ಲ. ಆದರೆ ಆ ಪಿನ್‌ನ ಸರಾಸರಿ ಸ್ಟಾಕ್ 3,000ದಿಂದ 1,000ಕ್ಕೆ ಬರುತ್ತದೆ. 15 ದಿನಕ್ಕೊಮ್ಮೆ ಬರುತ್ತಿದ್ದ ಸರದಿ 5 ದಿನಕ್ಕೊಮ್ಮೆ ಬರುತ್ತದೆ.

ಆಮೇಲೆ ಎರಡು ಬಿನ್ ಪದ್ಧತಿ ಹಾಕಿ. ಒಂದು ಬಿನ್ ಖಾಲಿಯಾದರೆ ಅದೇ ಆರ್ಡರ್. ಖಾಲಿ ಬಿನ್ ಬರದೆ ಯಾರೂ ಹೊಡೆಯಬಾರದು. ಕಾನ್‌ಬಾನ್ ಅನ್ನೋದು ಇಷ್ಟೇ. ಟೊಯೋಟಾದ ತೈಚಿ ಓನೋ ಅವರಿಗೆ ಈ ಯೋಚನೆ ಬಂದದ್ದು ಅಮೆರಿಕದ ಸೂಪರ್‌ಮಾರ್ಕೆಟ್‌ಗಳ ಕಪಾಟು ತುಂಬುವ ರೀತಿಯಿಂದ. ಗಿರಾಕಿ ತೆಗೆದುಕೊಂಡಷ್ಟು ಮಾತ್ರ ಮತ್ತೆ ತುಂಬು.

ರಾತ್ರಿ ಪಾಳಿ · ಏಪ್ರಿಲ್ 8

ಕ್ಷಮಿಸಿ, ನನಗೆ ಇದರಲ್ಲಿ ಪೂರ್ತಿ ನಂಬಿಕೆ ಇಲ್ಲ. ಕೊರೋನಾ ಸಮಯದಲ್ಲಿ ಸ್ಟಾಕ್ ಇಲ್ಲದವರೇ ಮೊದಲು ಬಾಗಿಲು ಹಾಕಿದ್ದು. ನಮ್ಮ ಮಾಲೀಕರು ಎರಡು ತಿಂಗಳ ಬೇರಿಂಗ್ ಇಟ್ಟಿದ್ದರು, ಅದರಿಂದಲೇ ನಮಗೆ ಸಂಬಳ ಬಂತು. ಸ್ಟಾಕ್ ಅಂದರೆ ಬರೀ ವ್ಯರ್ಥ ಅಂತ ಮಾತಾಡುವುದು ಸರಿಯಲ್ಲ.

ಬಿಡದಿ ಲೈನ್ · ಏಪ್ರಿಲ್ 9

ನಿಮ್ಮ ಮಾತು ನಿಜ ಅಣ್ಣಾ. ಟೊಯೋಟಾಗೂ ಈ ಪೆಟ್ಟು ಬಿದ್ದಿದೆ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ, ಅವರಿಗೆ ಬಿಡಿಭಾಗ ಕೊಡುವ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿಗೆ ಹಾಕುವ ಒಂದು ಸಣ್ಣ ವಾಲ್ವ್ ಹೆಚ್ಚು ಕಡಿಮೆ ಅಲ್ಲಿಂದಲೇ ಬರುತ್ತಿತ್ತು. ಸ್ಟಾಕ್ ಇರಲಿಲ್ಲ. ಜಪಾನಿನಲ್ಲಿ ಟೊಯೋಟಾ ಲೈನುಗಳು ನಿಂತವು. ಬೇರೆ ಬೇರೆ ಕಂಪನಿಗಳು ತಮ್ಮ ಮಷೀನಲ್ಲೇ ಆ ವಾಲ್ವ್ ಮಾಡಿಕೊಟ್ಟು ಕೆಲವೇ ದಿನಗಳಲ್ಲಿ ಲೈನ್ ಮತ್ತೆ ಶುರುವಾಯಿತು.

2011ರ ಭೂಕಂಪ, ಸುನಾಮಿ ಆದ ಮೇಲೆ ಅವರು ಇನ್ನೊಂದು ಹೆಜ್ಜೆ ಇಟ್ಟರು. ತಂದುಕೊಡಲು ಬಹಳ ಸಮಯ ಹಿಡಿಯುವ ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿಗೆ ಆಗುವಷ್ಟು ಇಟ್ಟುಕೊಳ್ಳಿ ಅಂತ ಸಪ್ಲೈಯರ್‌ಗಳಿಗೆ ಹೇಳಿದರು. 2021ರ ಶುರುವಿನಲ್ಲಿ ಚಿಪ್ ಇಲ್ಲದೆ ಬೇರೆ ಕಾರು ಕಂಪನಿಗಳು ಒದ್ದಾಡುವಾಗ ಇವರು ಸ್ವಲ್ಪ ಕಾಲ ನೆಮ್ಮದಿಯಾಗಿದ್ದದ್ದು ಅದರಿಂದ. ಅದೇ ಕಂಪನಿ, ನಾಳೆ ಸಿಗುವ ಸೀಟಿಗೆ ಕೆಲವು ಗಂಟೆಯ ಸ್ಟಾಕ್, ತಿಂಗಳುಗಟ್ಟಲೆ ಬಾರದ ಚಿಪ್‌ಗೆ ಆರು ತಿಂಗಳ ಸ್ಟಾಕ್. ನಿಮ್ಮ ಮಾಲೀಕರ ಬೇರಿಂಗ್ ಎರಡನೆಯ ಜಾತಿಯದು. ಪೀಣ್ಯದವರ 6,000 ಪಿನ್ ಯಾವ ಅಪಾಯಕ್ಕೂ ಇಟ್ಟದ್ದಲ್ಲ, ಸೆಟ್ಟಿಂಗ್ ಕಷ್ಟ ಅಂತ ಹೊಡೆದದ್ದು.

ತಾಲ್ಲೂಕು ಫಾರ್ಮಸಿ · ಏಪ್ರಿಲ್ 9

ನಾನು ಕಾರ್ಖಾನೆಯವಳಲ್ಲ, ಆಸ್ಪತ್ರೆ ಔಷಧಿ ಉಗ್ರಾಣ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಎರಡು ವಿಂಗಡಣೆ ಒಟ್ಟಿಗೆ ಮಾಡುತ್ತೇವೆ. ದುಡ್ಡಿನ ಲೆಕ್ಕದಲ್ಲಿ ಎ (ಹೆಚ್ಚು ಖರ್ಚಿನದು), ಬಿ, ಸಿ (ಕಡಿಮೆ ಖರ್ಚಿನದು). ಜೀವದ ಲೆಕ್ಕದಲ್ಲಿ ಅತ್ಯಗತ್ಯ, ಬೇಕಾದದ್ದು, ಇದ್ದರೆ ಒಳ್ಳೆಯದು. ಹಾವು ಕಡಿತದ ಆ್ಯಂಟಿ ವೆನಮ್ ಕೆಲವು ತಿಂಗಳು ಮುಟ್ಟದೆ ಕೂತಿರುತ್ತದೆ. ಮಳೆಗಾಲದಲ್ಲಿ ಗದ್ದೆ ಕೆಲಸ ಶುರುವಾದಾಗ ಒಂದೇ ರಾತ್ರಿ ಹತ್ತು ಹದಿನೈದು ವಯಲ್ ಬೇಕಾಗಬಹುದು. ಓಡುವುದಿಲ್ಲ ಅಂತ ಅದನ್ನು ಯಾರೂ ಕಡಿತ ಮಾಡುವುದಿಲ್ಲ. ಎಕ್ಸ್‌ಪೈರಿ ಹತ್ತಿರ ಬಂದರೆ ಜಾಸ್ತಿ ಬಳಕೆ ಇರುವ ಆಸ್ಪತ್ರೆಗೆ ಕಳಿಸಿ ಹೊಸದು ತರಿಸಿಕೊಳ್ಳುತ್ತೇವೆ.

ನಿಮ್ಮಲ್ಲೂ ಇಂಥದ್ದು ಇರುತ್ತದಲ್ವಾ? ನೂರು ರೂಪಾಯಿಯ ರಬ್ಬರ್ ಓ ರಿಂಗ್ ಇಲ್ಲದೆ ಮಷೀನ್ ನಿಲ್ಲುವಂಥದ್ದು? ಅದನ್ನು ಧಾರಾಳವಾಗಿ ಇಟ್ಟುಕೊಳ್ಳಿ.

ಗದಗ ಬಿಡಿಭಾಗ · ಏಪ್ರಿಲ್ 11

ನಮಸ್ಕಾರ ರೀ. ನಾನು ನಿಮ್ಮ ಸರಪಳಿಯ ಆ ತುದಿಯಲ್ಲಿ ಇರುವವನು. ಗದಗದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಗಿರಾಕಿ ಕೊಡುವ ಶೆಡ್ಯೂಲ್ (ಮುಂದೆ ಎಷ್ಟು ಮಾಲು ಬೇಕು ಅನ್ನುವ ಪಟ್ಟಿ) ಯಾಕೆ ಮೇಲೆ ಕೆಳಗೆ ಕುಣಿಯುತ್ತದೆ ಅಂತ ನಾನು ಹೇಳುತ್ತೇನೆ.

ಮುಂಗಾರಿಗೆ ಮೊದಲು ರೋಟವೇಟರ್ ಬ್ಲೇಡ್, ಕಲ್ಟಿವೇಟರ್ ಹಲ್ಲು, ಪಿನ್, ಬುಷ್ ಎಲ್ಲಾ ಓಡುತ್ತವೆ. ಹೋದ ವರ್ಷ ನನಗೆ 100 ಪಿನ್ ಬೇಕಿತ್ತು, 60 ಬಂತು. ಈ ವರ್ಷ ನಾನು 150 ಬರೆದೆ, 100 ಬರಲಿ ಅಂತ. ನನ್ನಂಥ ಹತ್ತು ಅಂಗಡಿಯವರು ಹಾಗೇ ಬರೆದರು. ಡಿಸ್ಟ್ರಿಬ್ಯೂಟರ್ ಅದರ ಮೇಲೆ ತನ್ನದೊಂದಿಷ್ಟು ಸೇರಿಸಿದ. ಕಂಪನಿಗೆ ಹೋಗುವಾಗ ರೈತ ಕೇಳಿದ 100, 200 ಆಗಿತ್ತು. ನಿಮಗೆ ಬಂದ ಶೆಡ್ಯೂಲ್ ಅದೇ. ಮಳೆ ತಡವಾಯಿತು ಅನ್ನಿ, ಎಲ್ಲರೂ ಒಂದೇ ದಿನ ಆರ್ಡರ್ ನಿಲ್ಲಿಸುತ್ತೇವೆ. ಆಗ ನಿಮ್ಮ ಗೋಡೌನ್ ತುಂಬುತ್ತದೆ.

ಅದರ ಜೊತೆಗೆ ಮಾರ್ಚ್ ಟಾರ್ಗೆಟ್ ಬೇರೆ. ಸ್ಕೀಂ ಕೊಟ್ಟು ಅಂಗಡಿಗೆ ಮಾಲು ತುಂಬಿಸುತ್ತಾರೆ. ಏಪ್ರಿಲ್, ಮೇಯಲ್ಲಿ ನಾವು ಒಂದು ಪೀಸೂ ತರಿಸುವುದಿಲ್ಲ. ಕಂಪನಿಯವರು ಬೇಡಿಕೆ ಬಿತ್ತು ಅಂತ ತಿಳಿಯುತ್ತಾರೆ. ಬೇಡಿಕೆ ಬಿದ್ದಿಲ್ಲರೀ, ಮಾಲು ನಮ್ಮ ಕಪಾಟಲ್ಲಿ ಇದೆ.

ನಿಮ್ಮ ಗಿರಾಕಿಯಿಂದ ಶೆಡ್ಯೂಲ್ ಕೇಳುವ ಬದಲು, ವಾರಕ್ಕೆ ಅವರ ಲೈನಲ್ಲಿ ನಿಜವಾಗಿ ಎಷ್ಟು ಫಿಟ್ ಆಯಿತು ಅಂತ ಕೇಳಿ.

ಸಿಗ್ಮಾ · ಏಪ್ರಿಲ್ 11

ಗದಗದವರು ಹೇಳಿದ್ದಕ್ಕೆ ಪುಸ್ತಕದಲ್ಲಿ ಚಾಟಿ ಏಟಿನ ಪರಿಣಾಮ ಅನ್ನುವ ಹೆಸರಿದೆ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯವರು ಮಕ್ಕಳ ಡೈಪರ್‌ನಲ್ಲಿ ಇದನ್ನು ಕಂಡರು. ಮಗು ದಿನಾ ಒಂದೇ ಲೆಕ್ಕದಲ್ಲಿ ಬಳಸುತ್ತದೆ, ಕಾರ್ಖಾನೆಗೆ ಬರುವ ಆರ್ಡರ್ ಮಾತ್ರ ಎದ್ದು ಬಿದ್ದು ಇರುತ್ತದೆ. ಕಪಾಟಿನಿಂದ ಮಾರಾಟವಾದ ಅಂಕಿ ಮಾಲು ಮಾಡುವವರಿಗೆ ನೇರವಾಗಿ ಸಿಕ್ಕರೆ ಏರಿಳಿತ ಇಳಿಯುತ್ತದೆ. ಫಿಟ್ ಆದದ್ದು ಎಷ್ಟು ಅಂತ ಕೇಳಿ ಅನ್ನುವ ಅವರ ಸಲಹೆಗಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ.

ಪೀಣ್ಯ ಬುಷ್ · ಏಪ್ರಿಲ್ 12

ಒಂದು ಭಯ ಉಳಿದಿದೆ. ಪ್ರತಿ ತಿಂಗಳು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಸ್ಟಾಕ್ ಇಳಿದರೆ ಡ್ರಾಯಿಂಗ್ ಪವರ್ (ಸ್ಟಾಕ್, ಬರಬೇಕಾದ ಬಿಲ್ಲು ನೋಡಿ ಬ್ಯಾಂಕ್ ತೆಗೆಯಲು ಬಿಡುವ ಮೊತ್ತ) ಇಳಿಯುತ್ತದೆ. ಅಪ್ಪ ಮುಟ್ಟಬೇಡ ಅನ್ನುವುದಕ್ಕೆ ನಿಜವಾದ ಕಾರಣ ಇದೇ ಅಂತ ನಿನ್ನೆ ಗೊತ್ತಾಯಿತು.

ಲೆಕ್ಕದ ಪುಸ್ತಕ · ಏಪ್ರಿಲ್ 12

ಈ ಭಯ ಎಷ್ಟೋ ಸಣ್ಣ ಕೈಗಾರಿಕೆಯವರಲ್ಲಿ ನೋಡಿದ್ದೇನೆ. ಲೆಕ್ಕ ಹಾಕಿಬಿಡೋಣ. ಮಾರ್ಜಿನ್ (ಬೆಲೆಯಲ್ಲಿ ಬ್ಯಾಂಕ್ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವ ಪಾಲು) ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಇರುತ್ತದೆ. ನಿಮ್ಮದು ಸ್ಟಾಕಿಗೆ 25%, ಬರಬೇಕಾದ ಬಿಲ್ಲಿಗೆ 40% ಅಂತ ಇಟ್ಟುಕೊಳ್ಳುತ್ತೇನೆ. ಸ್ಟಾಕ್ 108 ಲಕ್ಷ, ಅದರಲ್ಲಿ ಸಾಲದ ಮಾಲು (ಇನ್ನೂ ನೀವು ದುಡ್ಡು ಕೊಡದ್ದು) 20 ಲಕ್ಷ ಇದೆ ಅಂತ ಕಳೆದರೆ 88. ಅದರ 75% ಅಂದರೆ 66. ಬರಬೇಕಾದ ಬಿಲ್ಲು 60 ಲಕ್ಷ ಇದ್ದರೆ ಅದರಿಂದ 36. ಒಟ್ಟು 102, ಆದರೆ ಲಿಮಿಟ್ 80 ಆದ್ದರಿಂದ ಸಿಗುವುದು 80.

ಈಗ ಸ್ಟಾಕ್ 40 ಲಕ್ಷ ಇಳಿಯಿತು ಅನ್ನಿ. 68ರಲ್ಲಿ 20 ಕಳೆದರೆ 48, ಅದರ 75% ಅಂದರೆ 36. ಬಿಲ್ಲಿನ 36 ಸೇರಿಸಿದರೆ 72. ಹೌದು, ನಿಮ್ಮ ಪವರ್ 80ರಿಂದ 72ಕ್ಕೆ ಬಂತು. ಆದರೆ ಆ 40 ಲಕ್ಷ ಎಲ್ಲಿಗೆ ಹೋಯಿತು? ಮಾಲು ದುಡ್ಡಾಗಿ ಸಿಸಿ ಖಾತೆಗೇ ಬಂತು. 78 ಇದ್ದ ಬಾಕಿ 38 ಆಯಿತು. ಮೊದಲು 2 ಲಕ್ಷ ಮಾತ್ರ ಕೈಗೆ ಸಿಗುತ್ತಿತ್ತು, ಈಗ 34 ಲಕ್ಷ ಸಿಗುತ್ತದೆ. ಬಡ್ಡಿ ವರ್ಷಕ್ಕೆ 4 ಲಕ್ಷ 20 ಸಾವಿರ ಉಳಿಯುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದೆ ಇಡಿ.

ಎಚ್ಚರಿಕೆ ಬೇಕಾದ ಎರಡು ಮೂರು ಕಡೆ ಇದೆ. ಸತ್ತ ಮಾಲನ್ನು ಸ್ಟೇಟ್‌ಮೆಂಟಲ್ಲಿ ಒಳ್ಳೆಯ ಮಾಲು ಅಂತ ತೋರಿಸುತ್ತಾ ಹೋಗಬೇಡಿ. ಸ್ಕ್ರಾಪ್ ಅಂತ ಬಿಲ್ ಹಾಕಿ ಮಾರುವುದು ಬೇರೆ, ಪುಸ್ತಕದಿಂದ ಸುಮ್ನೆ ತೆಗೆದುಹಾಕುವುದು ಬೇರೆ. ಎರಡನೆಯದಕ್ಕೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಕ್ಕ ವಿನಾಯಿತಿ) ವಾಪಸ್ ಕಟ್ಟಬೇಕಾಗುತ್ತದೆ. ಜಾಬ್ ವರ್ಕಿಗೆ (ಪ್ಲೇಟಿಂಗ್‌ನಂಥ ಹೊರಗಿನ ಕೆಲಸಕ್ಕೆ) ಕಳಿಸಿದ ಮಾಲು 1 ವರ್ಷದ ಒಳಗೆ ವಾಪಸ್ ಬರಬೇಕು ಅನ್ನುವ ನಿಯಮವೂ ಇದೆ. ಹಿರಿಯರು ಖುದ್ದಾಗಿ ಎಣಿಸು ಅಂದದ್ದು ತೆರಿಗೆ ದೃಷ್ಟಿಯಿಂದಲೂ ಸರಿ.

ಇನ್ನೊಂದು. ದೊಡ್ಡ ಗಿರಾಕಿಗಳು "ನಮ್ಮ ಸ್ಟೋರ್ಸಲ್ಲಿ ನಿಮ್ಮ ಮಾಲು ಇಡಿ, ಬಳಸಿದಾಗ ಬಿಲ್ ಮಾಡಿ" ಅಂತ ಕೇಳುವುದು ಜಾಸ್ತಿ ಆಗಿದೆ. ಅವರ ಪುಸ್ತಕದಲ್ಲಿ ಸ್ಟಾಕ್ ಇಳಿಯುತ್ತದೆ, ನಿಮ್ಮ ಪುಸ್ತಕದಲ್ಲಿ ಏರುತ್ತದೆ. ಸಣ್ಣ ಕೈಗಾರಿಕೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನುವ ರಕ್ಷಣೆ ಇದೆ. ಅವರು ಮಾಲು ಒಪ್ಪಿಕೊಂಡ ದಿನವೇ ಸ್ಪಷ್ಟ ಇಲ್ಲದಿದ್ದರೆ ಆ ದಿನದ ಎಣಿಕೆ ಎಲ್ಲಿಂದ ಶುರು? ಒಪ್ಪುವ ಮೊದಲು ಗರಿಷ್ಠ ಎಷ್ಟು ದಿನ, ಆಮೇಲೆ ಬಳಸಲಿ ಬಿಡಲಿ ಬಿಲ್, ಅಂತ ಬರೆಸಿಕೊಳ್ಳಿ. ಸ್ಟಾಕನ್ನು ಪಕ್ಕದವರ ತಲೆಗೆ ಕಟ್ಟುವುದು ಸ್ಟಾಕ್ ಇಳಿಸುವುದಲ್ಲ. ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ.

ಪೀಣ್ಯ ಬುಷ್ · ಮೇ 4

ಎಣಿಕೆ ಮುಗಿಯಿತು. ರೆಡಿ ಮಾಲು 43 ಲಕ್ಷದಲ್ಲಿ 14 ಲಕ್ಷಕ್ಕೆ ಕೆಂಪು ಚೀಟಿ. ಅದರಲ್ಲಿ 6 ಲಕ್ಷದ ಮಾಲಿನ ಡ್ರಾಯಿಂಗೇ ಬದಲಾಗಿದೆ, ಇನ್ನು ಯಾರೂ ತಗೊಳ್ಳುವುದಿಲ್ಲ. ಪ್ಲೇಟಿಂಗ್‌ನವರ ಹತ್ತಿರ ಒಂದು ಮೂಲೆಯಲ್ಲಿ ನಮ್ಮ 1,800 ಪಿನ್ ಸಿಕ್ಕಿತು. ಮಾರ್ಚಲ್ಲಿ ರಾತ್ರಿ ಪಾಳಿ ಹಾಕಿ ಹೊಡೆದ ಅದೇ ಪಿನ್. ನೋಡಿ ಕಣ್ಣಲ್ಲಿ ನೀರು ಬಂತು.

ಬಾರ್ ಸ್ಟೀಲ್‌ನಲ್ಲಿ ತಪ್ಪು ನನ್ನದೇ. ಕಿಲೋಗೆ 3 ರೂಪಾಯಿ ಕಡಿಮೆ ಅಂತ ಒಂದು ಸೈಜ್ 5 ಟನ್ ತಂದಿದ್ದೆ. 72 ರೂಪಾಯಿ ಲೆಕ್ಕದಲ್ಲಿ 3 ಲಕ್ಷ 60 ಸಾವಿರ. ಉಳಿದದ್ದು 15 ಸಾವಿರ. ಬಡ್ಡಿ ತಿಂಗಳಿಗೆ 3,150. ಐದು ತಿಂಗಳಿಗೇ ಉಳಿತಾಯ ತಿಂದುಹಾಕಿತು, ಬಾರ್ ಹತ್ತನೇ ತಿಂಗಳಲ್ಲೂ ಅಲ್ಲೇ ಇದೆ, ತುಕ್ಕು ಬೇರೆ. ಈಗ ಓಡುವ ಸೈಜ್ ಮಾತ್ರ ಟನ್ ಲೆಕ್ಕದಲ್ಲಿ ತರುತ್ತೇವೆ. ಬೇರೆಯದು ಬೇಕಾದಾಗ ಡೀಲರ್ ಹತ್ತಿರ ನಾಲ್ಕೈದು ಬಾರ್.

ಸ್ಟೋರ್ಸ್ ಹಳಬ · ಮೇ 4

ಬೇಜಾರು ಮಾಡಿಕೊಳ್ಳಬೇಡ ತಮ್ಮಾ. 1,800 ಪಿನ್ ಸಿಕ್ಕಿತಲ್ಲಾ, ಆ ಬ್ಯಾಚ್ ಇನ್ನು ಹೊಡೆಯಬೇಡ. ಡ್ರಾಯಿಂಗ್ ಬದಲಾದದ್ದನ್ನು ಇಟ್ಟುಕೊಂಡು ಆಸೆ ಪಡಬೇಡ. ಮೊದಲು ಗಿರಾಕಿಗೆ ಬರೆದು ಕೇಳು, ಅವರ ಶೆಡ್ಯೂಲ್ ಮೇಲೆ ಮಾಡಿದ್ದಾದರೆ ಸ್ವಲ್ಪವಾದರೂ ಕೊಡಬೇಕಾಗುತ್ತದೆ. ಇಲ್ಲ ಅಂದರೆ ಸ್ಕ್ರಾಪಿಗೆ ಹಾಕು. ಆ ಜಾಗ ನಿನಗೆ ಬೇಕು.

ಪೀಣ್ಯ ಬುಷ್ · ಆಗಸ್ಟ್ 9

ನಾಲ್ಕು ತಿಂಗಳ ವಿಷಯ ಹೇಳುತ್ತೇನೆ. ಸ್ಟಾಕ್ 108ರಿಂದ 84 ಲಕ್ಷಕ್ಕೆ ಬಂದಿದೆ. ಬಾರ್ 29, ಅರ್ಧ ಆದದ್ದು 21, ರೆಡಿ ಮಾಲು 34. ಇಳಿದ 24ರಲ್ಲಿ 6 ಲಕ್ಷ ಸ್ಕ್ರಾಪಿಗೆ ಹೋದದ್ದು, ಅದಕ್ಕೆ ಸಿಕ್ಕಿದ್ದು 90 ಸಾವಿರ ಮಾತ್ರ. ಗಿರಾಕಿ ಏನೂ ಕೊಡಲಿಲ್ಲ. ನಮ್ಮ ಹತ್ತಿರ ಅವರ ಶೆಡ್ಯೂಲ್ ಬರಹದಲ್ಲಿ ಇರಲಿಲ್ಲ, ಎಲ್ಲಾ ಫೋನಲ್ಲೇ ನಡೆದಿತ್ತು. ಈಗ ಪ್ರತಿ ವಾರ ಮೇಲ್ ತರಿಸಿಕೊಳ್ಳುತ್ತೇವೆ. ಉಳಿದ 18 ಲಕ್ಷ ನಿಜವಾದ ದುಡ್ಡಾಗಿ ಸಿಸಿಗೆ ಬಂತು. ಬಡ್ಡಿ ವರ್ಷಕ್ಕೆ ಸುಮಾರು 2 ಲಕ್ಷ ಕಡಿಮೆ.

ವಿಡಿಯೋ ಉಪಾಯ ತುಂಬಾ ಕೆಲಸ ಮಾಡಿತು. ನಮ್ಮ ಹಿರಿಯ ಸೆಟ್ಟರ್ ತಾವೇ ಟ್ರಾಲಿ ಮಾಡಿಸಿಕೊಂಡರು. ಎರಡೂವರೆ ಗಂಟೆ ಈಗ ಒಂದು ಗಂಟೆ ಹತ್ತು ನಿಮಿಷ. 50 ನಿಮಿಷ ಇನ್ನೂ ಆಗಿಲ್ಲ. ಹಾಗಾಗಿ ಬ್ಯಾಚ್ 2,000 ಅಲ್ಲ, 3,000ಕ್ಕೆ ನಿಲ್ಲಿಸಿದ್ದೇವೆ. ಎರಡು ಬಿನ್ 14 ಐಟಂಗೆ ಹಾಕಿದ್ದೇವೆ.

ಜೂನಲ್ಲಿ ಒಂದು ಸಲ ಬುಷ್ ಖಾಲಿಯಾಯಿತು. ಮುಂಗಾರು ಚುರುಕಾದಾಗ ಬಿನ್ ಸೈಜ್ ದೊಡ್ಡದು ಮಾಡಬೇಕಿತ್ತು, ಗದಗದವರು ಹೇಳಿದ್ದು ನೆನಪಿದ್ದೂ ಮಾಡಲಿಲ್ಲ. ಅರ್ಧ ದಿನದಲ್ಲಿ ಹೊಡೆದುಕೊಟ್ಟೆವು, ಯಾಕೆಂದರೆ ಮಷೀನ್ ಸಿಕ್ಕಿತು. ಮೊದಲಾಗಿದ್ದರೆ ಬೇರೆ ಪಿನ್‌ನ 6,000 ಮುಗಿಯುವವರೆಗೆ ಕಾಯಬೇಕಿತ್ತು.

ಗದಗ ಬಿಡಿಭಾಗ · ಆಗಸ್ಟ್ 9

ಭಾಳ ಖುಷಿ ಆಯಿತು ರೀ. ಹಿಂಗಾರು ಬಿತ್ತನೆ ಸೆಪ್ಟೆಂಬರ್ ಕೊನೆಗೆ ಶುರು. ಕಲ್ಟಿವೇಟರ್ ಪಿನ್, ಬುಷ್ ಬಿನ್ ಈಗಲೇ ದೊಡ್ಡದು ಮಾಡಿ, ದೀಪಾವಳಿ ಆದ ಮೇಲೆ ಮತ್ತೆ ಇಳಿಸಿ.

ಪೀಣ್ಯ ಬುಷ್ · ಆಗಸ್ಟ್ 10

ಸೋಮವಾರವೇ ಮಾಡುತ್ತೇನೆ. ಕ್ಯಾಲೆಂಡರಲ್ಲಿ ಎರಡೂ ತಾರೀಖು ಅಪ್ಪನೇ ಬರೆದಿಟ್ಟಿದ್ದಾರೆ. ಮುಂದಿನ ಎಣಿಕೆ ಸೆಪ್ಟೆಂಬರ್ 30ಕ್ಕೆ. ಅಂಕಿ ಇಲ್ಲೇ ಹಾಕುತ್ತೇನೆ.